ನಡುನೋವಿನಲ್ಲಿ ಹೃದಯದ ಮುನ್ಸೂಚನೆ

ಮಹಾಗಾಂವದ ಸುತ್ತಲಿನ ಹೊಲಗಳಲ್ಲಿ ಆಯುಷ್ಯ ಸವೆಸಿದ ಹಿರಿಯರು ನಡುನೋವನ್ನು ದುಡಿಮೆಯ ಫಲವೆಂದೇ ಭಾವಿಸುತ್ತಾರೆ. ನಡೆಯುವಾಗ ಕಾಲು ಜೋಮು ಹಿಡಿದರೆ ಕಟ್ಟೆಯ ಮೇಲೆ ಕುಳಿತು ದಣಿವಾರಿಸಿಕೊಳ್ಳುತ್ತಾರೆ. ಕೆಲವು ವರ್ಷಗಳ ತರುವಾಯ ಏರು ಹತ್ತುವಾಗ ತೇಕು ಬಂದರೆ ‘ವಯಸ್ಸಾಯಿತು’ ಎಂದು ನಾವೂ ಸುಮ್ಮನಾಗುತ್ತೇವೆ. ಬಹುಮಟ್ಟಿಗೆ ಅದು ನಿಜವೇ. ಆದರೆ ಕೆಲವರಲ್ಲಿ ಈ ಎರಡೂ ಬೇನೆಗಳಿಗೆ ಮೂಲವೊಂದೇ ಎಂಬುದನ್ನು ವಾಚಕರ ಗಮನಕ್ಕೆ ತರಬಯಸುತ್ತೇವೆ.

ಆ ಮೂಲದ ಹೆಸರು ಅಮಿಲಾಯ್ಡೋಸಿಸ್. ನಮ್ಮ ಯಕೃತ್ತು ಟ್ರಾನ್ಸ್‌ಥೈರೆಟಿನ್ ಎಂಬ ಸಸಾರಜನಕವನ್ನು ತಯಾರಿಸುತ್ತದೆ. ಇಳಿವಯಸ್ಸಿನಿಂದಲೋ ವಂಶದೋಷದಿಂದಲೋ ಅದು ಒಡೆದು, ಎಳೆಎಳೆಯಾಗಿ ಹೆಣೆದುಕೊಂಡು ಅಂಗಾಂಗಗಳಲ್ಲಿ ಶೇಖರವಾಗುತ್ತದೆ. 1854ರಲ್ಲಿ ಜರ್ಮನಿಯ ವೈದ್ಯ ರುಡೋಲ್ಫ್ ವಿರ್ಖೋ, ಅಯೋಡಿನ್ ಸೋಂಕಿದಾಗ ಪಿಷ್ಟದಂತೆ ಬಣ್ಣ ತಾಳಿದ ದ್ರವ್ಯಕ್ಕೆ ಅಮಿಲಾಯ್ಡ್, ಎಂದರೆ ಪಿಷ್ಟದಂಥದು, ಎಂದು ಹೆಸರಿಟ್ಟರು. ಅದು ಪಿಷ್ಟವಲ್ಲವೆಂದು 1859ರಲ್ಲಿಯೇ ತಿಳಿದರೂ ಹೆಸರು ಮಾತ್ರ ಉಳಿದುಕೊಂಡಿತು.

ಈ ದ್ರವ್ಯವು ಮಣಿಕಟ್ಟಿನಲ್ಲಿ ಸೇರಿದರೆ ನರ ಅದುಮಿ ಬೆರಳುಗಳು ಜೋಮುಗಟ್ಟುತ್ತವೆ. ಬೆನ್ನೆಲುಬಿನ ಹಳದಿ ಕಟ್ಟುನಾರಿನಲ್ಲಿ ಸೇರಿದರೆ ನಾರು ದಪ್ಪವಾಗಿ ನರಗಳ ಹಾದಿ ಕಿರಿದಾಗುತ್ತದೆ. ಹೃದಯದಲ್ಲಿ ಸೇರಿದರೆ ಅದರ ಗೋಡೆ ಬಿರುಸಾಗಿ, ರಕ್ತ ತುಂಬಿಕೊಳ್ಳಲು ಬೇಕಾದಷ್ಟು ಸಡಿಲಗೊಳ್ಳದು. ಕೈ ಮತ್ತು ಬೆನ್ನಿನ ಬೇನೆ ಹೃದಯದ ಬೇನೆಗಿಂತ ಹಲವು ವರ್ಷ ಮೊದಲೇ ಕಾಣಿಸಿಕೊಳ್ಳುವುದುಂಟು.

ಶಸ್ತ್ರಕ್ರಿಯೆಯಲ್ಲಿ ಕತ್ತರಿಸಿ ತೆಗೆದ ನಾರು ಸಾಮಾನ್ಯವಾಗಿ ಕಸದ ಪಾಲಾಗುತ್ತದೆ. ಅದರ ಒಂದು ಚೂರಿಗೆ ಕಾಂಗೋ ರೆಡ್ ಬಣ್ಣ ಹಾಯಿಸಿ, ಧ್ರುವೀಕೃತ ಬೆಳಕಿನ ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಅಮಿಲಾಯ್ಡ್ ಹಸಿರಾಗಿ ಹೊಳೆಯುತ್ತದೆ. ಅಮೇರಿಕೆಯ ಕ್ಲೀವ್‌ಲ್ಯಾಂಡಿನಲ್ಲಿ ಮಣಿಕಟ್ಟಿನ ಶಸ್ತ್ರಕ್ರಿಯೆಗೊಳಗಾದ 98 ಜನರನ್ನು ಹೀಗೆ ಪರೀಕ್ಷಿಸಿ, 10 ಜನರಲ್ಲಿ ಅಮಿಲಾಯ್ಡ್ ಕಂಡುದನ್ನು 2018ರಲ್ಲಿ ಪ್ರಕಟಿಸಿದರು. ಅವರಲ್ಲಿ ಇಬ್ಬರ ಹೃದಯಕ್ಕೂ ಅದು ತಗಲಿತ್ತು. ಆದುದರಿಂದ ನಾರಿನಲ್ಲಿ ಕಂಡ ಮಾತ್ರಕ್ಕೆ ಎದೆಗುಂದಬೇಕಾಗಿಲ್ಲ. ಹೃದಯವನ್ನು ಪರೀಕ್ಷಿಸಿ ನಿಗಾ ಇಟ್ಟರಾಯಿತು.

ಬೇಗ ತಿಳಿದುಕೊಳ್ಳುವುದೇಕೆ? ಟಫಾಮಿಡಿಸ್ ಎಂಬ ಔಷಧವನ್ನು 441 ಹೃದಯರೋಗಿಗಳಲ್ಲಿ ಪರೀಕ್ಷಿಸಿದ ಫಲಿತಾಂಶ 2018ರಲ್ಲಿ ಹೊರಬಂದಿತು. ಮೂವತ್ತು ತಿಂಗಳಲ್ಲಿ, ಔಷಧ ಪಡೆಯದವರಲ್ಲಿ ನೂರಕ್ಕೆ 43 ಜನ ತೀರಿಕೊಂಡರೆ, ಪಡೆದವರಲ್ಲಿ ತೀರಿಕೊಂಡವರು ಸುಮಾರು 30. ಈ ಔಷಧವು ಮುಂದಿನ ಶೇಖರವನ್ನು ತಡೆಯಬಲ್ಲುದೇ ಹೊರತು ಈಗಾಗಲೇ ಸೇರಿದ್ದನ್ನು ಕರಗಿಸಲಾರದು. ಬೆಲೆಯೂ ಬಡವರ ಕೈಗೆ ನಿಲುಕುವಂಥದಲ್ಲ.

ಬಿರುಸಾದ ಹೃದಯಕ್ಕೆ ಅರಿವಳಿಕೆಯ ವೇಳೆ ರಕ್ತದೊತ್ತಡ ಇಳಿಯುವುದು ಅಪಾಯಕರ. ಆದ್ದರಿಂದ ಬೆನ್ನಿನ ಶಸ್ತ್ರಕ್ರಿಯೆಗೆ ಹಿರಿಯರನ್ನು ಕೊಲ್ಹಾಪುರಕ್ಕೋ ಬೆಳಗಾವಿಗೋ ಕರೆದೊಯ್ಯುವಾಗ, ತೇಕು, ಕಾಲುಬಾವು, ಎರಡೂ ಕೈಗಳ ಜೋಮು ಇದ್ದರೆ ವೈದ್ಯರಿಗೆ ಮೊದಲೇ ತಿಳಿಸೋಣ. ತೆಗೆದ ನಾರನ್ನು ಪರೀಕ್ಷೆಗೆ ಕಳಿಸುವಿರಾ ಎಂದು ವಿನಯದಿಂದ ಕೇಳೋಣ. ಹಿರಿಯರ ನೋವಿಗೆ ವಯಸ್ಸಿನ ಹೆಸರಿಟ್ಟು ಕೈತೊಳೆದುಕೊಳ್ಳುವ ಮುನ್ನ ಇಷ್ಟನ್ನಾದರೂ ಮಾಡುವುದು ನಮ್ಮ ಋಣ.