ಎಲ್ಲರ ಕೈ ಸೇರಿದ ಗೋಡೆ

ಯಲಹಂಕದ ಆಚೆ ಒಂದು ಪುಟ್ಟ ಊರು ಅಂದುಕೊಳ್ಳಿ. ಅಲ್ಲಿ ಇಪ್ಪತ್ತು ಕ್ರೈಸ್ತ ಕುಟುಂಬಗಳಿವೆ. ಎಲ್ಲರೂ ಕೂಲಿ ಮಾಡಿ ಬದುಕುವವರು. ಭಾನುವಾರ ಮರದ ಕೆಳಗೆ ಸೇರಿ ಪ್ರಾರ್ಥನೆ ಮಾಡುತ್ತಾರೆ. ಮಳೆ ಬಂದರೆ ಪ್ರಾರ್ಥನೆ ನಿಲ್ಲುತ್ತದೆ. ಒಂದು ಸಣ್ಣ ಪ್ರಾರ್ಥನಾ ಮಂದಿರ ಬೇಕು. ಗುತ್ತಿಗೆದಾರರಿಗೆ ಕೊಡಲು ದುಡ್ಡಿಲ್ಲ. ಏನು ಮಾಡೋದು?

ದುಡ್ಡಿಲ್ಲ, ನಿಜ. ಆದರೆ ಕೈಗಳಿವೆ. ಕಾಲೇಜಿನ ಹುಡುಗ ಹುಡುಗಿಯರೂ ಕೈ ಜೋಡಿಸಬಹುದು. ನಮ್ಮ ದೇಶದಲ್ಲಿ ರಾಷ್ಟ್ರೀಯ ಸೇವಾ ಯೋಜನೆ 1969ರಲ್ಲಿ ಶುರುವಾಯಿತು. ಅದರ ವಿದ್ಯಾರ್ಥಿಗಳು ಏಳು ದಿನ ಹಳ್ಳಿಯಲ್ಲಿ ಶಿಬಿರ ಮಾಡುತ್ತಾರೆ. ರಸ್ತೆ, ಚರಂಡಿ, ಶಾಲೆಯ ಕೆಲಸ ಮಾಡುತ್ತಾರೆ. ಅಲ್ಲಿ ಗುದ್ದಲಿ ಹಿಡಿಯಲು ಕಲಿತವರು ರಜೆಯಲ್ಲಿ ಇಂಥ ಕೆಲಸಕ್ಕೂ ಬರಬಹುದು.

ಮೊದಲು ಜಾಗದ ಪತ್ರ ಓದಿ ನೋಡಿ. ಜಾಗ ಯಾರ ಹೆಸರಿನಲ್ಲಿದೆ? ಪಂಚಾಯಿತಿಯಲ್ಲಿ ಕೇಳಿ ಅನುಮತಿ ಪಡೆಯಿರಿ. ಇದನ್ನು ಬಿಟ್ಟರೆ ಕಟ್ಟಿದ್ದೆಲ್ಲ ಹಾಳಾದೀತು.

ಇನ್ನು ಗೋಡೆ. ಯಶವಂತಪುರದ ಹತ್ತಿರ ಭಾರತೀಯ ವಿಜ್ಞಾನ ಸಂಸ್ಥೆ ಇದೆ. 1974ರಲ್ಲಿ ಅಲ್ಲಿ 'ಅಸ್ತ್ರ' ಎಂಬ ವಿಭಾಗ ಶುರುವಾಯಿತು. ಹಳ್ಳಿಗೆ ಬೇಕಾದ ವಿಜ್ಞಾನ ಹುಡುಕುವುದೇ ಅದರ ಕೆಲಸ. ತುಮಕೂರು ಜಿಲ್ಲೆಯ ಉಂಗ್ರದಲ್ಲಿ ಅದರ ಕೇಂದ್ರವಿತ್ತು. ಅಸ್ತ್ರದವರು ಮಣ್ಣಿನ ಇಟ್ಟಿಗೆ ಒತ್ತುವ ಕೈಯಂತ್ರ ಮಾಡಿದರು. ಈ ಇಟ್ಟಿಗೆ ಸುಡಬೇಕಿಲ್ಲ. ಸೌದೆ ಉಳಿಯುತ್ತದೆ. ಇಟ್ಟಿಗೆಯನ್ನು ಊರಲ್ಲೇ ಮಾಡಬಹುದು.

"ಅಯ್ಯೋ, ಮಣ್ಣಿನ ಗೋಡೆ ಮಳೆಗೆ ಕರಗಲ್ವಾ?" ಅಂತ ಕೇಳುತ್ತೀರಿ. ಸರಿಯಾಗಿ ಮಾಡಿದರೆ ಕರಗಲ್ಲ. ಮಾಡುವ ಬಗೆ ಹೀಗಿದೆ.

ಮೇಲಿನ ಮಣ್ಣಿನಲ್ಲಿ ಬೇರು, ಕಸ ಇರುತ್ತದೆ. ಅದನ್ನು ತೆಗೆದುಹಾಕಿ. ಅದರ ಕೆಳಗಿನ ಕೆಂಪು ಮಣ್ಣು ತಗೊಳ್ಳಿ. ಗಾಜಿನ ಬಾಟಲಿಯಲ್ಲಿ ಸ್ವಲ್ಪ ಮಣ್ಣು ಹಾಕಿ, ನೀರು ತುಂಬಿ, ಚೆನ್ನಾಗಿ ಅಲ್ಲಾಡಿಸಿ. ಒಂದು ದಿನ ಬಿಡಿ. ಮರಳು ಅಡಿಯಲ್ಲಿ ನಿಲ್ಲುತ್ತದೆ. ಜೇಡಿ ಮೇಲೆ ನಿಲ್ಲುತ್ತದೆ. ಅರ್ಧಕ್ಕಿಂತ ಹೆಚ್ಚು ಮರಳಿರಬೇಕು. ಜೇಡಿ ಜಾಸ್ತಿ ಇದ್ದರೆ ಮರಳು ಬೆರೆಸಿ. ಎರೆ ಮಣ್ಣು ಬೇಡ. ಅದು ನೀರು ಕುಡಿದು ಉಬ್ಬುತ್ತದೆ, ಒಣಗಿದರೆ ಬಿರಿಯುತ್ತದೆ.

ಮಣ್ಣನ್ನು ಜರಡಿ ಹಿಡಿಯಿರಿ. 100 ಕಿಲೋ ಒಣ ಮಣ್ಣಿಗೆ 5ರಿಂದ 8 ಕಿಲೋ ಸಿಮೆಂಟು ಬೆರೆಸಿ. ನೀರು ಸ್ವಲ್ಪವೇ ಹಾಕಿ. ಮುಷ್ಟಿಯಲ್ಲಿ ಹಿಡಿದರೆ ಉಂಡೆ ಆಗಬೇಕು, ಕೈಗೆ ಅಂಟಬಾರದು. ಕಲಸಿದ್ದನ್ನು ಬೇಗ ಒತ್ತಿ ಮುಗಿಸಿ.

ಒತ್ತಿದ ಇಟ್ಟಿಗೆಯನ್ನು ನೆರಳಲ್ಲಿ ಜೋಡಿಸಿ, ಹುಲ್ಲು ಮುಚ್ಚಿ. ಮೂರು ವಾರ ದಿನಾ ನೀರು ಚಿಮುಕಿಸಿ. ಇದನ್ನು ಮರೆತರೆ ಇಟ್ಟಿಗೆ ಪುಡಿ ಪುಡಿ. ಆಮೇಲೆ ಒಂದು ಇಟ್ಟಿಗೆಯನ್ನು ರಾತ್ರಿಯಿಡೀ ನೀರಿನಲ್ಲಿ ಮುಳುಗಿಸಿ ನೋಡಿ. ಕರಗಿದರೆ ಆ ಇಟ್ಟಿಗೆ ಗೋಡೆಗೆ ಬೇಡವೇ ಬೇಡ.

ಈಗ ಲೆಕ್ಕ ಹಾಕಿ. ಏಳು ದಿನದಲ್ಲಿ ಮಂದಿರ ಆಗುತ್ತಾ? ಆಗಲ್ಲ. ವಿದ್ಯಾರ್ಥಿಗಳು ಒಮ್ಮೆ ಬಂದು ಇಟ್ಟಿಗೆ ಒತ್ತಲಿ. ಮೂರು ವಾರ ನೀರು ಹಾಕುವುದು ಊರಿನವರ ಪಾಲು. ಗೋಡೆ ಕಟ್ಟುವಾಗ ಅವರು ಮತ್ತೆ ಬರಲಿ.

ಪಾಯಕ್ಕೆ ಕಲ್ಲೇ ಇರಲಿ. ಗೋಡೆಯ ಬುಡ ನೆಲದಿಂದ ಎತ್ತರದಲ್ಲಿರಬೇಕು. ಚಾವಣಿ ಗೋಡೆಯಿಂದ ಹೊರಗೆ ಚಾಚಿರಬೇಕು. ಆಗ ಮಳೆಯ ಎರಚಲು ಗೋಡೆಗೆ ತಾಗುವುದು ಕಡಿಮೆ. ಅನುಭವ ಇರುವ ಗಾರೆ ಮೇಸ್ತ್ರಿ ಒಬ್ಬರು ಇರಲೇಬೇಕು. ಅವರಿಗೆ ಕೂಲಿ ಕೊಡಿ. ತೂಕದ ಗುಂಡು, ರಸಮಟ್ಟ ಹಿಡಿಯುವುದು ಅವರ ಕೆಲಸ. ಮಣ್ಣು ಹೊರುವುದು, ಇಟ್ಟಿಗೆ ಕೊಡುವುದು ನಮ್ಮ ಕೆಲಸ. ಪುಕ್ಕಟೆ ಕೆಲಸ ಅಂತ ಹೇಗೋ ಮಾಡಬಾರದು. ಆ ಗೋಡೆಯ ಪಕ್ಕ ನಾಳೆ ನಮ್ಮ ಮಕ್ಕಳೇ ಕೂರುತ್ತಾರೆ.

ಕೊನೆಯ ಮಾತು. ಸಿಮೆಂಟು ಎಷ್ಟು ಮೂಟೆ ಬಂತು? ಯಾರು ಎಷ್ಟು ಕೊಟ್ಟರು? ಎಷ್ಟು ಖರ್ಚಾಯಿತು? ದಪ್ಪ ಅಕ್ಷರದಲ್ಲಿ ಬರೆದು ಹಲಗೆಗೆ ಅಂಟಿಸಿ. ಈಗ ನಿಮಗೆ ಓದು ಬರುತ್ತದೆ. ನೀವೇ ಓದಿ. ತಪ್ಪಿದ್ದರೆ ಕೇಳಿ. ಲೆಕ್ಕ ಸರಿ ಇದ್ದರೆ ನಂಬಿಕೆ ಉಳಿಯುತ್ತದೆ. ನಂಬಿಕೆ ಉಳಿದರೆ ನಾಳೆ ಅದೇ ಕೈಗಳು ಸೇರಿ ಅಂಗನವಾಡಿಗೂ ಗೋಡೆ ಕಟ್ಟಬಹುದು. ಇಟ್ಟಿಗೆ ಒತ್ತುವ ಕೈಗೆ ಜಾತಿ ಇಲ್ಲ, ಮತ ಇಲ್ಲ.