ಅತ್ತಿಬೆಲೆ ದಾಟಿದವರು ರೈನ್ ದಾಟಿದಾಗ

ತಮಿಳುನಾಡಿನ ಹೊಸೂರಿನ ಮಕ್ಕಳಿಗೆ ಕರ್ನಾಟಕದ ಗಡಿ ದಾಟುವುದು ದಿನನಿತ್ಯದ ಕೆಲಸ. ಬೆಳಿಗ್ಗೆ ಬಸ್ಸು ಹತ್ತಿದರೆ ಜುಜುವಾಡಿ, ಅದು ಕಳೆದರೆ ಅತ್ತಿಬೆಲೆ. ಅಷ್ಟರಲ್ಲಿ ಅಂಗಡಿ ಬೋರ್ಡುಗಳ ಲಿಪಿ ಬದಲಾಗಿರುತ್ತದೆ, ಎದುರಿಗೆ ಬರುವ ಸರ್ಕಾರಿ ಬಸ್ಸುಗಳ ಬಣ್ಣವೂ ಬದಲಾಗಿರುತ್ತದೆ. ಮನೆಯಲ್ಲಿ ಕನ್ನಡವೋ ತೆಲುಗೋ, ಶಾಲೆಯಲ್ಲಿ ತಮಿಳು, ಸಂತೆಯಲ್ಲಿ ಮೂರೂ ಬೆರೆತ ಮಾತು, ಮಟನ್ ಅಂಗಡಿಯಲ್ಲಿ ನಾಲ್ಕು ಮಾತು ಉರ್ದು. ತಳಿ, ಕೆಲಮಂಗಲ, ಬಾಗಲೂರು, ಬೇರಿಕೆ ಕಡೆಯ ಮಕ್ಕಳು ಇದನ್ನು ಯಾರಿಂದಲೂ ಕಲಿತಿದ್ದಲ್ಲ. ಹುಟ್ಟಿದ ಊರೇ ಕಲಿಸಿತು.

ಈ ಮಕ್ಕಳಲ್ಲಿ ಕೆಲವರು ಈಗ ಓದಲು ಯುರೋಪಿಗೆ ಹೋಗುತ್ತಿದ್ದಾರೆ. ಹೆಚ್ಚಿನವರು ಹೋಗುವುದು ಜರ್ಮನಿಗೆ. ಕಾರಣ ಹುಡುಕಲು ದೂರ ಹೋಗಬೇಕಿಲ್ಲ. 1980ರ ಆಸುಪಾಸಿನಿಂದ ಅಶೋಕ್ ಲೇಲ್ಯಾಂಡ್, ಟಿವಿಎಸ್, ಟೈಟನ್ ಕಾರ್ಖಾನೆಗಳ ಸುತ್ತ ಬೆಳೆದ ಊರು ಹೊಸೂರು. ಅಪ್ಪ ಲೇತ್ ಮುಂದೆ ನಿಂತು ದುಡಿದಿದ್ದರೆ ಮಗಳು ಮೆಕ್ಯಾನಿಕಲ್ ಓದುವುದು, ಮೆಕ್ಯಾನಿಕಲ್ ಓದಿದವಳು ಯಂತ್ರಗಳ ದೇಶದತ್ತ ಕಣ್ಣು ಹಾಯಿಸುವುದು ಸಹಜ. ಜರ್ಮನಿಯಲ್ಲಿ ಓದುತ್ತಿರುವ ಭಾರತೀಯರ ಸಂಖ್ಯೆ 2023-24ರ ಚಳಿಗಾಲದ ಸೆಮಿಸ್ಟರಿನಲ್ಲಿ 49 ಸಾವಿರ ದಾಟಿತ್ತು. ಚೀನಾದವರನ್ನೂ ಹಿಂದೆ ಹಾಕಿ ಅಲ್ಲಿನ ವಿದೇಶಿ ವಿದ್ಯಾರ್ಥಿಗಳಲ್ಲಿ ಭಾರತದವರೇ ಮೊದಲ ಸ್ಥಾನಕ್ಕೆ ಬಂದಿದ್ದಾರೆ.

ಹೊರಡುವ ಮೊದಲೇ ಒಂದು ಗಡಿ ಅಡ್ಡ ಬರುತ್ತದೆ. ಬೆಂಗಳೂರಿನಲ್ಲಿ ಜರ್ಮನಿಯ ಕಾನ್ಸುಲೇಟ್ ಇದೆ, ಹೊಸೂರಿನಿಂದ 40 ಕಿಲೋಮೀಟರ್. ಆದರೆ ಆಧಾರ್ ಕಾರ್ಡಿನಲ್ಲಿರುವುದು ತಮಿಳುನಾಡಿನ ವಿಳಾಸ. ಹಾಗಾಗಿ ವೀಸಾ ಚೆನ್ನೈ ಕಾನ್ಸುಲೇಟಿನ ವ್ಯಾಪ್ತಿಗೆ ಬರುತ್ತದೆ, 300 ಕಿಲೋಮೀಟರ್ ಆಚೆ. ಕಾಲೇಜು ಬೆಂಗಳೂರಿನದು, ವಿಮಾನವೂ ಬೆಂಗಳೂರಿನಿಂದಲೇ, ಕಾಗದಪತ್ರ ಮಾತ್ರ ಚೆನ್ನೈದು. ಗಡಿನಾಡಿನವರಿಗೆ ಇದು ಹೊಸ ಅನುಭವವೇನಲ್ಲ.

ಎರಡನೆಯ ಅಡ್ಡಿ ದುಡ್ಡು. ವೀಸಾಕ್ಕೆ ಮುನ್ನ ಒಂದು ವರ್ಷದ ಖರ್ಚನ್ನು ವಿಶೇಷ ಖಾತೆಯಲ್ಲಿ ಕಟ್ಟಿಡಬೇಕು. 2024ರ ಸೆಪ್ಟೆಂಬರಿನಿಂದ ಅದು 11,904 ಯೂರೋ, ರೂಪಾಯಿ ಲೆಕ್ಕದಲ್ಲಿ ಹತ್ತು ಲಕ್ಷ ದಾಟುತ್ತದೆ. ಜಮೀನಿನ ಪತ್ರ ಬ್ಯಾಂಕಿಗೆ ಹೋಗುವುದು ಈ ಹೊತ್ತಿನಲ್ಲೇ. ಅಲ್ಲಿ ಇಳಿದ ಮೇಲೆ ಆ ದುಡ್ಡು ತಿಂಗಳಿಗೆ 992 ಯೂರೋದಂತೆ ಕೈಗೆ ಬರುತ್ತದೆ. ಬಾಡಿಗೆ, ಆರೋಗ್ಯ ವಿಮೆ, ದಿನಸಿ ಎಲ್ಲ ಅದರಲ್ಲೇ. ವರ್ಷಕ್ಕೆ 140 ಪೂರ್ಣ ದಿನ ಕೆಲಸ ಮಾಡಲು ವಿದ್ಯಾರ್ಥಿಗಳಿಗೆ ಅನುಮತಿಯಿದೆ. ಹೋಟೆಲಿನಲ್ಲಿ ತಟ್ಟೆ ತೊಳೆದು, ಗೋದಾಮಿನಲ್ಲಿ ಪೆಟ್ಟಿಗೆ ಜೋಡಿಸಿ ಉಳಿಸಿದ ದುಡ್ಡೇ ತಿರುಗಾಟದ ಬಂಡವಾಳ. ಪ್ಯಾರಿಸ್ ಗೋಪುರದ ಮುಂದೆ ನಿಂತ ಫೋಟೊವನ್ನು ಊರಿನ ವಾಟ್ಸಾಪ್ ಗುಂಪಿನಲ್ಲಿ ನೋಡಿ 'ಮಜಾ ಮಾಡ್ತಾವ್ನೆ' ಅನ್ನುವವರಿಗೆ ಆ ಫೋಟೊದ ಹಿಂದಿನ ರಾತ್ರಿ ಪಾಳಿ ಕಾಣಿಸುವುದಿಲ್ಲ.

ದುಡ್ಡು ಕಡಿಮೆಯಿದ್ದರೂ ತಿರುಗಾಟ ಸಾಧ್ಯವಾಗುವುದಕ್ಕೆ ಮುಖ್ಯ ಕಾರಣ ಅಲ್ಲಿನ ಸಾರಿಗೆ ವ್ಯವಸ್ಥೆ. 2023ರ ಮೇ ತಿಂಗಳಲ್ಲಿ ಜರ್ಮನಿ 'ಡಾಯ್ಚ್‌ಲಾಂಡ್ ಟಿಕೆಟ್' ಎಂಬ ಮಾಸಿಕ ಪಾಸು ತಂದಿತು. ಆಗ ಅದರ ಬೆಲೆ 49 ಯೂರೋ, 2025ರಲ್ಲಿ 58 ಆಯಿತು. ಈ ಒಂದು ಪಾಸಿದ್ದರೆ ಇಡೀ ದೇಶದ ಸಿಟಿ ಬಸ್ಸು, ಟ್ರಾಮು, ಮೆಟ್ರೊ, ಪ್ಯಾಸೆಂಜರ್ ರೈಲು ಎಲ್ಲವೂ ಹತ್ತಬಹುದು. ವೇಗದ ರೈಲುಗಳಿಗೆ ಮಾತ್ರ ಅದು ನಡೆಯುವುದಿಲ್ಲ. ಹಲವು ವಿಶ್ವವಿದ್ಯಾಲಯಗಳು ಇದನ್ನೇ ಇನ್ನೂ ಕಡಿಮೆ ಬೆಲೆಗೆ ತಮ್ಮ ವಿದ್ಯಾರ್ಥಿಗಳಿಗೆ ಕೊಡುತ್ತವೆ. ನಾಲ್ಕು ಸಲ ರೈಲು ಬದಲಿಸುವ ತಾಳ್ಮೆ, ಚೀಲದಲ್ಲಿ ಚಪಾತಿ ಸುರುಳಿ ಇದ್ದರೆ ಶನಿವಾರ ಹೊರಟು ಭಾನುವಾರ ರಾತ್ರಿ ಕೋಣೆ ಸೇರಬಹುದು.

ಆ ಪಾಸು ಹಿಡಿದು ನೈರುತ್ಯದ ತುದಿಗೆ ಹೋದರೆ ಸಿಗುವ ಕೊನೆಯ ನಿಲ್ದಾಣಗಳಲ್ಲಿ ಒಂದು ಬಾಸೆಲ್ ಬಾಡಿಷರ್. ಊರು ಸ್ವಿಟ್ಜರ್ಲೆಂಡಿನದು, ನಿಲ್ದಾಣ ಜರ್ಮನಿಯ ರೈಲ್ವೆಯದು. ಹೊಸೂರಿನವರು ಯುರೋಪಿನಲ್ಲಿ ಯಾವ ಊರು ನೋಡದಿದ್ದರೂ ಬಾಸೆಲ್ ನೋಡಬೇಕು. ಮೂರು ದೇಶಗಳು ಅಲ್ಲಿ ರೈನ್ ನದಿಯ ಮೇಲೆ ಸೇರುತ್ತವೆ. ಊರಿನ ಎಂಟನೇ ನಂಬರ್ ಟ್ರಾಮು 2014ರಿಂದ ಜರ್ಮನಿಯ ವೈಲ್ ಪಟ್ಟಣದವರೆಗೆ ಓಡುತ್ತದೆ, ಮೂರನೇ ನಂಬರಿನದು 2017ರಿಂದ ಫ್ರಾನ್ಸಿನ ಸೇಂಟ್ ಲೂಯಿಗೆ. ವಿಮಾನ ನಿಲ್ದಾಣವಿರುವುದು ಫ್ರಾನ್ಸಿನ ನೆಲದಲ್ಲಿ. ಜನ ಒಂದು ದೇಶದಲ್ಲಿ ಮಲಗಿ, ಇನ್ನೊಂದರಲ್ಲಿ ದುಡಿದು, ಮೂರನೆಯದರಲ್ಲಿ ತರಕಾರಿ ಕೊಳ್ಳುತ್ತಾರೆ.

ಇದನ್ನು ನೋಡಿದ ಹೊಸೂರಿನವರಿಗೆ ಮನೆಯ ನೆನಪಾಗದೆ ಇರದು. ಬೆಂಗಳೂರಿನ ಹಳದಿ ಮೆಟ್ರೊ 2025ರ ಆಗಸ್ಟಿನಲ್ಲಿ ಬೊಮ್ಮಸಂದ್ರದವರೆಗೆ ಬಂದು ನಿಂತಿತು. ಅಲ್ಲಿಂದ ಹೊಸೂರಿಗೆ ಇಪ್ಪತ್ತು ಕಿಲೋಮೀಟರ್ ಆಸುಪಾಸು. ಹಳಿಯನ್ನು ಗಡಿ ದಾಟಿಸುವ ಮಾತು ವರ್ಷಗಳಿಂದ ಎರಡೂ ರಾಜ್ಯಗಳಲ್ಲಿ ನಡೆದೇ ಇದೆ. ಬೇರೆ ನಾಣ್ಯ, ಬೇರೆ ಕಾನೂನು ಇರುವ ಎರಡು ದೇಶಗಳ ನಡುವೆ ಟ್ರಾಮು ಓಡುತ್ತಿರುವಾಗ ಒಂದೇ ದೇಶದ ಎರಡು ರಾಜ್ಯಗಳಿಗೆ ಇದು ಆಗಬೇಕು ಅನ್ನುವುದು ಅತಿಯಾಸೆಯಲ್ಲ.

ಆದರೆ ಬಾಸೆಲ್‌ನಲ್ಲಿ ಮನಸ್ಸು ಕಲಕುವುದು ಟ್ರಾಮಲ್ಲ, ನದಿ. ಬೇಸಿಗೆಯ ಸಂಜೆ ಆಫೀಸು ಮುಗಿಸಿದವರು ಬಟ್ಟೆ, ಮೊಬೈಲುಗಳನ್ನು ನೀರು ಹೋಗದ ಮೀನಿನಾಕಾರದ ಚೀಲಕ್ಕೆ ತುಂಬಿ, ಅದನ್ನೇ ತಬ್ಬಿಕೊಂಡು ರೈನ್ ನದಿಗೆ ಇಳಿಯುತ್ತಾರೆ. ಹರಿವಿನ ಜೊತೆ ತೇಲುತ್ತ ಒಂದೆರಡು ಕಿಲೋಮೀಟರ್ ಕೆಳಗೆ ದಡ ಹತ್ತುತ್ತಾರೆ. ಮುದುಕರೂ ಮಕ್ಕಳೂ ಅದರಲ್ಲಿ ಇರುತ್ತಾರೆ. ದಡದ ಸಾಲಿನಲ್ಲಿ ದೊಡ್ಡ ದೊಡ್ಡ ಔಷಧ ಕಂಪನಿಗಳ ಕಟ್ಟಡಗಳಿವೆ.

ಹೊಸೂರಿನ ನದಿ ದಕ್ಷಿಣ ಪಿನಾಕಿನಿ. ನಂದಿ ಬೆಟ್ಟದ ಸಾಲಿನಲ್ಲಿ ಹುಟ್ಟಿ, ಬೆಂಗಳೂರಿನ ಪೂರ್ವದ ಅಂಚು ಸವರಿ, ಗಡಿ ದಾಟಿ ಕೆಲವರಪಳ್ಳಿ ಅಣೆಕಟ್ಟೆಗೆ ಬರುತ್ತದೆ. ಅಲ್ಲಿಂದ ಕೃಷ್ಣಗಿರಿ, ಮುಂದೆ ಕಡಲೂರಿನ ಬಳಿ ಸಮುದ್ರ. ತಮಿಳರು ತೆನ್ಪೆಣ್ಣೈ ಅನ್ನುವುದು ಇದನ್ನೇ. ಬೆಂಗಳೂರಿನ ಕೊಳಚೆ, ಕಾರ್ಖಾನೆಗಳ ನೀರು ಹೊತ್ತು ಬರುವ ಈ ಹೊಳೆ ಮಳೆಗಾಲದಲ್ಲಿ ಕೆಲವರಪಳ್ಳಿಯ ತೂಬು ತೆರೆದಾಗ ಬಿಳಿ ನೊರೆ ಎಬ್ಬಿಸುತ್ತದೆ. ನೊರೆ ಗುಡ್ಡೆಗಟ್ಟಿ ಸೇತುವೆ ಮುಚ್ಚಿದ ಚಿತ್ರಗಳು ಪತ್ರಿಕೆಗಳಲ್ಲಿ ಮತ್ತೆ ಮತ್ತೆ ಬಂದಿವೆ. ಅದೇ ನೀರಿನಲ್ಲಿ ರೈತರು ಹೊಲ ಗದ್ದೆ ನಡೆಸುತ್ತಾರೆ. ನೀರಿನ ಪಾಲಿಗಾಗಿ 2018ರಲ್ಲಿ ತಮಿಳುನಾಡು ಸುಪ್ರೀಂ ಕೋರ್ಟಿನ ಮೆಟ್ಟಿಲೇರಿತು.

ರೈನ್ ಕೂಡ ಹೀಗೇ ಇತ್ತು. ಒಂದು ಕಾಲಕ್ಕೆ ಅದನ್ನು ಯುರೋಪಿನ ಚರಂಡಿ ಎಂದೇ ಕರೆಯುತ್ತಿದ್ದರು. 1986ರ ನವೆಂಬರ್ 1ರಂದು, ಕರ್ನಾಟಕದಲ್ಲಿ ರಾಜ್ಯೋತ್ಸವ ನಡೆಯುತ್ತಿದ್ದ ದಿನ, ಬಾಸೆಲ್ ಬಳಿಯ ಶ್ವೈಟ್ಜರ್‌ಹಾಲೆಯಲ್ಲಿ ಸಾಂಡೋಜ್ ಕಂಪನಿಯ ಕೀಟನಾಶಕದ ಗೋದಾಮಿಗೆ ಬೆಂಕಿ ಬಿತ್ತು. ಬೆಂಕಿ ಆರಿಸಲು ಹೊಡೆದ ನೀರು ವಿಷವನ್ನು ನದಿಗೆ ತಂದು ಸುರಿಯಿತು. ನದಿ ಕೆಂಪಾಯಿತು. ನೂರಾರು ಕಿಲೋಮೀಟರ್ ಕೆಳಗಿನವರೆಗೂ ಲಕ್ಷಕ್ಕೂ ಮಿಕ್ಕಿ ಹಾವುಮೀನುಗಳು ಸತ್ತು ತೇಲಿದವು. ವಿಷ ಬಿಟ್ಟದ್ದು ಸ್ವಿಟ್ಜರ್ಲೆಂಡ್, ಕುಡಿಯುವ ನೀರು ನಿಲ್ಲಿಸಬೇಕಾದದ್ದು ಕೆಳಗಿನ ದೇಶಗಳು. ನದೀತೀರದ ದೇಶಗಳ ಆಯೋಗವೊಂದು 1950ರಿಂದಲೇ ಇತ್ತು, ಮಾತುಕತೆ ಆಮೆ ನಡಿಗೆಯಲ್ಲಿ ಸಾಗಿತ್ತು. ಬೆಂಕಿಯ ಮರುವರ್ಷವೇ, 1987ರಲ್ಲಿ, ಆ ದೇಶಗಳೆಲ್ಲ ಸೇರಿ ಒಂದು ಕಾರ್ಯಕ್ರಮ ಒಪ್ಪಿಕೊಂಡವು. 2000ದ ಹೊತ್ತಿಗೆ ಸಾಲ್ಮನ್ ಮೀನು ರೈನ್ ನದಿಗೆ ಮರಳಬೇಕು ಎಂಬುದು ಗುರಿ. ಮೀನಿನ ಹೆಸರು ಹೇಳಿದ್ದರಿಂದ ಜನಸಾಮಾನ್ಯರಿಗೂ ಆ ಗುರಿ ಅರ್ಥವಾಯಿತು. ಕೊಳಚೆ ಶುದ್ಧಿ ಘಟಕಗಳಿಗೆ ದುಡ್ಡು ಹರಿಯಿತು, ಅಣೆಕಟ್ಟೆಗಳಲ್ಲಿ ಮೀನು ಹತ್ತುವ ಮೆಟ್ಟಿಲು ಕಟ್ಟಿದರು, ಸಾಲ್ಮನ್ ಮರಳಿ ಕಾಣಿಸಿಕೊಂಡಿತು. ಈಗ ಜನ ಅದೇ ನೀರಿನಲ್ಲಿ ಈಜುತ್ತಾರೆ. ಕೆಲವರಪಳ್ಳಿಯ ನೊರೆ ನೋಡಿ ಬೆಳೆದವರು ಆ ದಡದಲ್ಲಿ ನಿಂತರೆ, ತಾವು ನೋಡುತ್ತಿರುವುದು ಬರೀ ಪ್ರವಾಸಿ ತಾಣವಲ್ಲ ಎಂದು ಗೊತ್ತಾಗುತ್ತದೆ.

ಬಾಸೆಲ್‌ನ ಟ್ರಾಮುಗಳಲ್ಲಿ ಕಂಡ, ಗಡಿಯೇ ಇಲ್ಲದ ಓಡಾಟಕ್ಕೆ ಕಾರಣ ಶೆಂಗೆನ್ ಒಪ್ಪಂದ. 1985ರ ಜೂನ್ 14ರಂದು ಲಕ್ಸೆಂಬರ್ಗಿನ ಶೆಂಗೆನ್ ಎಂಬ ಹಳ್ಳಿಯಲ್ಲಿ, ಮೊಸೆಲ್ ನದಿಯ ಹಡಗೊಂದರಲ್ಲಿ ಕುಳಿತು ಐದು ದೇಶಗಳು ಇದಕ್ಕೆ ಸಹಿ ಹಾಕಿದವು. ಇಂದು ಅದರಲ್ಲಿ 29 ದೇಶಗಳಿವೆ. ಒಂದು ಶೆಂಗೆನ್ ದೇಶದ ವಾಸ ಪರವಾನಗಿ ಇರುವ ವಿದ್ಯಾರ್ಥಿ ಉಳಿದ ದೇಶಗಳಲ್ಲಿ ಯಾವುದೇ 180 ದಿನಗಳ ಅವಧಿಯಲ್ಲಿ 90 ದಿನ ತಿರುಗಬಹುದು. ಬ್ರಿಟನ್ನಿಗೂ ಐರ್ಲೆಂಡಿಗೂ ಬೇರೆಯೇ ವೀಸಾ ಬೇಕು. ಒಂದು ಎಚ್ಚರಿಕೆ ಇಲ್ಲಿ ಹೇಳಲೇಬೇಕು. 2024ರ ಸೆಪ್ಟೆಂಬರಿನಲ್ಲಿ ಜರ್ಮನಿ ತನ್ನ ಎಲ್ಲ ಭೂಗಡಿಗಳಲ್ಲೂ ತಪಾಸಣೆಯನ್ನು ಮತ್ತೆ ಶುರುಮಾಡಿತು. ಹತ್ತು ನಿಮಿಷದ ಟ್ರಾಮು ಪಯಣವಾದರೂ ಪಾಸ್‌ಪೋರ್ಟು, ವಾಸದ ಕಾರ್ಡು ಎರಡೂ ಜೇಬಿನಲ್ಲಿರಬೇಕು. ಮೊಬೈಲಿನ ಫೋಟೊ ಸಾಲದು.

ಕನ್ನಡದವರು ಓದಲು ಯುರೋಪಿಗೆ ಹೋಗಿದ್ದು ಇಂದು ನಿನ್ನೆಯಲ್ಲ. ಮೈಸೂರು ಸರ್ಕಾರದ ವಿದ್ಯಾರ್ಥಿವೇತನದ ಮೇಲೆ ಭೂವಿಜ್ಞಾನ ಓದಲು ಲಂಡನ್ನಿಗೆ ಹೋದ ಕೈಲಾಸಂ ನಾಟಕದ ಗೀಳು ಹಚ್ಚಿಕೊಂಡು ಬಂದರು. ಆಕ್ಸ್‌ಫರ್ಡಿಗೆ ಹಡಗು ಹತ್ತಿದ ಗೋಕಾಕರಿಂದ ಕನ್ನಡಕ್ಕೆ 'ಸಮುದ್ರ ಗೀತೆಗಳು' ಬಂದವು. ಅನಂತಮೂರ್ತಿ ಬರ್ಮಿಂಗ್‌ಹ್ಯಾಮಿನಲ್ಲಿ ಸ್ವೀಡನ್ನಿನ ಬರ್ಗ್‌ಮನ್‌ನ ಸಿನಿಮಾ ನೋಡಿದ ಮೇಲೆ 'ಸಂಸ್ಕಾರ' ಬರೆಯಲು ಕೂತರು. ಅವರಿಗೆಲ್ಲ ಕಾಗದ ಊರು ಸೇರಲು ವಾರಗಳೇ ಬೇಕಿತ್ತು. ಇಂದಿನವರು ರೈಲಿನ ಕಿಟಕಿಯಿಂದಲೇ ಅಮ್ಮನಿಗೆ ವಿಡಿಯೊ ಕಾಲ್ ಮಾಡಿ ಆಲ್ಪ್ಸ್ ತೋರಿಸುತ್ತಾರೆ. 'ಊಟ ಆಯ್ತೇನಪ್ಪಾ' ಎಂಬುದೇ ಆ ಕಡೆಯ ಮೊದಲ ಪ್ರಶ್ನೆ.

ಆಲ್ಪ್ಸ್ ದಾಟುವ ಆ ರೈಲು ಮ್ಯೂನಿಕ್ಕಿನಿಂದ ಹೊರಟು ಆಸ್ಟ್ರಿಯದ ಇನ್ಸ್‌ಬ್ರುಕ್, ಬ್ರೆನರ್ ಕಣಿವೆ ಕಳೆದು ನಾಲ್ಕು ಗಂಟೆಯ ಆಸುಪಾಸಿನಲ್ಲಿ ಇಟಲಿಯ ಬೋಲ್ಜಾನೊ ತಲುಪುತ್ತದೆ. ಹೆಚ್ಚಿನವರು ಮುಂದಿನ ವೆನಿಸ್ ಕಡೆಗೆ ಹೋಗಿಬಿಡುತ್ತಾರೆ. ಹೊಸೂರಿನವರು ಇಲ್ಲಿ ಒಂದು ದಿನ ಇಳಿಯಬೇಕು. ನಿಲ್ದಾಣದ ಹಲಗೆಯಲ್ಲೇ ಊರಿಗೆ ಎರಡು ಹೆಸರು, ಬೋಲ್ಜಾನೊ ಮತ್ತು ಬೋಟ್ಸೆನ್. ದೇಶ ಇಟಲಿ, ಆದರೆ ಆ ಪ್ರಾಂತ್ಯದ ಮೂರರಲ್ಲಿ ಎರಡು ಪಾಲು ಜನರ ಮನೆಮಾತು ಜರ್ಮನ್. ಮೊದಲ ಮಹಾಯುದ್ಧದ ನಂತರ ಗಡಿ ಗೆರೆ ಸರಿದು ದಕ್ಷಿಣ ಟಿರೋಲ್ ಎಂಬ ಈ ಪ್ರಾಂತ್ಯ ಇಟಲಿಗೆ ಸೇರಿತು. ಮುಸೊಲಿನಿಯ ಕಾಲದಲ್ಲಿ ಜರ್ಮನ್ ಶಾಲೆಗಳು ಮುಚ್ಚಿದವು, ಊರುಗಳ ಹೆಸರುಗಳೂ ಇಟಾಲಿಯನ್ ಆದವು. ಮನೆಗಳಲ್ಲಿ, ಕೊಟ್ಟಿಗೆಗಳಲ್ಲಿ ಮಕ್ಕಳನ್ನು ಗುಟ್ಟಾಗಿ ಕೂರಿಸಿ ತಾಯ್ನುಡಿ ಕಲಿಸಿದರು. ದಶಕಗಳ ಜಗ್ಗಾಟದ ನಂತರ 1972ರ ಸ್ವಾಯತ್ತತೆಯ ಕಾನೂನು ಬಂತು. ಈಗ ಜರ್ಮನ್ ಮಕ್ಕಳಿಗೆ ಜರ್ಮನ್ ಶಾಲೆ, ಅಲ್ಲಿ ಇಟಾಲಿಯನ್ ಎರಡನೆಯ ಭಾಷೆ. ಇಟಾಲಿಯನ್ ಶಾಲೆಗಳಲ್ಲಿ ಜರ್ಮನ್ ಎರಡನೆಯದು. ಸರ್ಕಾರಿ ನೌಕರಿಗೆ ಎರಡೂ ಬರಬೇಕು.

ಹೊಸೂರು ಸೀಮೆಯೂ ಗೆರೆಯ ಆಚೆ ಉಳಿದದ್ದೇ. 1956ರ ನವೆಂಬರ್ 1ರಂದು ರಾಜ್ಯಗಳ ವಿಂಗಡಣೆಯಾದಾಗ ಅದು ಸೇಲಂ ಜಿಲ್ಲೆಯಲ್ಲಿ, ಮದ್ರಾಸ್ ರಾಜ್ಯದಲ್ಲೇ ನಿಂತಿತು. ಹೊಸೂರು ಈಗ ಸೇರಿರುವ ಕೃಷ್ಣಗಿರಿ ಪ್ರತ್ಯೇಕ ಜಿಲ್ಲೆಯಾದದ್ದು 2004ರಲ್ಲಿ. ಕನ್ನಡ ಮಾಧ್ಯಮದ ಸರ್ಕಾರಿ ಶಾಲೆಗಳು ಈ ಭಾಗದ ಹಳ್ಳಿಗಳಲ್ಲಿ ಬಹುಕಾಲದಿಂದ ಇವೆ. ತಮಿಳುನಾಡಿನ 2006ರ ಕಾಯ್ದೆ ಎಲ್ಲ ಶಾಲೆಗಳಲ್ಲೂ ತಮಿಳನ್ನು ಹಂತಹಂತವಾಗಿ ಕಡ್ಡಾಯ ಮಾಡಿತು. ಕನ್ನಡ, ತೆಲುಗು, ಉರ್ದು ಮಕ್ಕಳ ಪೋಷಕರು ವಿನಾಯಿತಿಗಾಗಿ ಕೋರ್ಟಿಗೆ ಅಲೆದರು. ಬದುಕುವ ನಾಡಿನ ಭಾಷೆ ತಮಿಳು, ಅದು ಬರಲೇಬೇಕು, ಇದರಲ್ಲಿ ಗಡಿನಾಡಿನವರಿಗೆ ತಕರಾರಿಲ್ಲ. ಅವರು ಕೇಳುವುದು ಮನೆಮಾತಿಗೂ ಶಾಲೆಯಲ್ಲಿ ಒಂದು ಜಾಗ. ಬೋಟ್ಸೆನ್‌ನಲ್ಲಿ ಆ ಜಾಗ ಹೇಗಿರುತ್ತದೆಂದು ನೋಡಬಹುದು. ಬೇಕರಿಯಲ್ಲಿ ಹುಡುಗಿ ಒಬ್ಬ ಗಿರಾಕಿಗೆ ಜರ್ಮನ್, ಮುಂದಿನವರಿಗೆ ಇಟಾಲಿಯನ್ ಮಾತಾಡಿ ಚಿಲ್ಲರೆ ಎಣಿಸಿಕೊಡುವಾಗ, ಅದು ಹೊಸೂರು ಸಂತೆಯ ಟೊಮೆಟೊ ವ್ಯಾಪಾರದ ಹಾಗೇ ಕೇಳಿಸುತ್ತದೆ.

ತಿರುಗಿ ಬಂದರೆ ಕೋಣೆಯಲ್ಲಿ ಮುದ್ದೆ ತೊಳಸಲು ಊರಿನ ರಾಗಿ ಹಿಟ್ಟು ಇರುತ್ತದೆ. ಚಟ್ನಿಪುಡಿ, ಹುರಿಹಿಟ್ಟು ಸೂಟ್‌ಕೇಸಿನಲ್ಲಿ ಬರುತ್ತವೆ. ತುಪ್ಪ ತರುವಂತಿಲ್ಲ, ಹೊರಗಿನಿಂದ ಹಾಲಿನ ಪದಾರ್ಥ, ಮಾಂಸ ತರಲು ಐರೋಪ್ಯ ಒಕ್ಕೂಟದಲ್ಲಿ ನಿಷೇಧವಿದೆ. ಮಾವಿನ ಹಣ್ಣಿಗೆ ಸಸ್ಯರೋಗವಿಲ್ಲವೆಂಬ ಸರ್ಕಾರಿ ಪ್ರಮಾಣಪತ್ರ ಬೇಕು. 2014ರಲ್ಲಿ ಹಣ್ಣುನೊಣ ಸಿಕ್ಕಿತೆಂದು ಭಾರತದ ಮಾವನ್ನೇ ಒಕ್ಕೂಟ ಕೆಲವು ತಿಂಗಳು ತಡೆದಿತ್ತು. ತಿರುಳಿಗೆ ಆ ತೊಡಕಿಲ್ಲ. ಕೃಷ್ಣಗಿರಿಯ ಕಾರ್ಖಾನೆಗಳಲ್ಲಿ ತೋತಾಪುರಿ ಹಿಂಡಿ ತಗಡಿನ ಡಬ್ಬಿಗೆ ತುಂಬಿದ ತಿರುಳು ವರ್ಷವರ್ಷವೂ ಹಡಗಿನಲ್ಲಿ ಯುರೋಪಿಗೆ ಹೋಗುತ್ತದೆ.

ಜರ್ಮನಿಯ ಬೇಸಿಗೆ ಸೆಮಿಸ್ಟರಿನ ತರಗತಿಗಳು ಸಾಮಾನ್ಯವಾಗಿ ಏಪ್ರಿಲ್‌ನಿಂದ ಜುಲೈವರೆಗೆ. ಕೃಷ್ಣಗಿರಿಯ ಮಾವಿನ ಸುಗ್ಗಿಯೂ ಆಗಲೇ. ಊರಿನಲ್ಲಿ ಮಾವಿನ ಮೇಳ ನಡೆಯುವ ಹೊತ್ತಿಗೆ ಈ ವಿದ್ಯಾರ್ಥಿಗಳು ಪರೀಕ್ಷೆಗೆ ಓದುತ್ತಿರುತ್ತಾರೆ. ಭಾರತೀಯ ಅಂಗಡಿಗೆ ಹೋದಾಗ ತಿರುಳಿನ ಡಬ್ಬಿಯನ್ನು ಕೈಗೆತ್ತಿಕೊಂಡು ಹಿಂದೆ ತಿರುಗಿಸಿ, ಸಣ್ಣಕ್ಷರದಲ್ಲಿ ಅಚ್ಚಾಗಿರುವ ವಿಳಾಸದಲ್ಲಿ ತಮ್ಮ ಜಿಲ್ಲೆಯ ಹೆಸರಿದೆಯೇ ಎಂದು ಮೊದಲು ನೋಡುತ್ತಾರೆ.