ಗೆದ್ದ ಹುಡುಗನ ಗುಟ್ಟು

ಸಾವಿರಾರು ಜನರ ಕಣ್ಣೆದುರು ಅಳುಕದೆ ಆಡಿ ತಂಡವನ್ನು ಗೆಲ್ಲಿಸಿದ ಹುಡುಗನೊಬ್ಬ, ಅದೇ ಸಂಜೆ ಮನೆಯಲ್ಲಿ ತಾಯಿಯ ಎದುರು ಒಂದು ಮಾತನ್ನಾಡಲಾರದೆ ನಡುಗುವುದುಂಟೆ? ಉಂಟು ಎನ್ನುತ್ತವೆ, ಇಂಗ್ಲಿಷಿನಲ್ಲಿ ಹದಿಹರೆಯದವರಿಗಾಗಿ ಬರೆದ ಒಂದು ಬಗೆಯ ಕಾದಂಬರಿಗಳು. ಅವುಗಳ ನಾಯಕ ಶಾಲೆಯ ಫುಟ್‌ಬಾಲ್, ಬ್ಯಾಸ್ಕೆಟ್‌ಬಾಲ್ ಅಥವಾ ರಗ್ಬಿ ತಂಡದ ಕಣ್ಮಣಿ; ಊರಿಗೆಲ್ಲ ಬೇಕಾದವನು. ಆದರೆ ಅವನ ಮನಸ್ಸು ಒಲಿಯುವುದು ಹುಡುಗನಿಗೆ. ಈ ಸಂಗತಿಯನ್ನು ಯಾರಿಗೆ ಹೇಳಬೇಕು, ಎಂದು ಹೇಳಬೇಕು, ಹೇಳಿದ ಮೇಲೆ ಏನಾದೀತು ಎಂಬುದೇ ಕಥೆಯ ತಿರುಳು. ಆಟದ ಸೋಲುಗೆಲುವುಗಳು ಹಿನ್ನೆಲೆಗೆ ಮಾತ್ರ.

ಇಂಥ ಪುಸ್ತಕಗಳ ಸಂಖ್ಯೆ ಇಂದು ಕಡಿಮೆಯೇನಲ್ಲ. ಅವು ನಡೆದುಬಂದ ದಾರಿಯನ್ನು ನೋಡಿದರೆ, ಒಂದು ಸಮಾಜವು ತನ್ನ ಮಕ್ಕಳ ಮಾತಿಗೆ ಕಿವಿಗೊಡಲು ಹೇಗೆ ಮೆಲ್ಲಮೆಲ್ಲನೆ ಕಲಿಯಿತೆಂಬುದು ತಿಳಿದುಬರುತ್ತದೆ.

ಆಟಗಾರನೇ ಏಕೆ?

ಅಮೆರಿಕದ ಸಣ್ಣ ಊರುಗಳಲ್ಲಿ ಹೈಸ್ಕೂಲಿನ ಫುಟ್‌ಬಾಲ್ ಪಂದ್ಯವೆಂದರೆ ಊರಹಬ್ಬವಿದ್ದಂತೆ. ಶುಕ್ರವಾರ ರಾತ್ರಿ ದೊಡ್ಡ ದೀಪಗಳ ಬೆಳಕಿನಲ್ಲಿ ಆಟ ನಡೆಯುವಾಗ ಅಂಗಡಿಯವರು, ಉಪಾಧ್ಯಾಯರು, ಪಾದ್ರಿಗಳು, ಅಜ್ಜ ಅಜ್ಜಿಯರು ಎಲ್ಲರೂ ಅಲ್ಲಿ ನೆರೆಯುತ್ತಾರೆ. ಆ ಫುಟ್‌ಬಾಲ್ ನಮ್ಮ ಊರಿನ ಕಾಲ್ಚೆಂಡಾಟವಲ್ಲ. ಮೊಟ್ಟೆಯಾಕಾರದ ಚೆಂಡನ್ನು ಕೈಯಲ್ಲಿ ಹಿಡಿದು, ಎಸೆದು, ಮೈಗೆ ಮೈ ಅಪ್ಪಳಿಸಿ ಆಡುವ ಒರಟು ಆಟ. ಚೆನ್ನಾಗಿ ಆಡುವ ಹುಡುಗನಿಗೆ ಕಾಲೇಜಿನ ವಿದ್ಯಾರ್ಥಿವೇತನವೂ ದೊರೆಯುತ್ತದೆ. ಹಣವಿಲ್ಲದ ಮನೆಯ ಹುಡುಗನಿಗೆ ಮೇಲಕ್ಕೇರಲು ಎಷ್ಟೋ ವೇಳೆ ಅದೊಂದೇ ಏಣಿ.

ಈ ಆಟದ ಲೋಕದಲ್ಲಿ 'ಗಂಡಸುತನ'ವೆಂಬುದಕ್ಕೆ ಅತಿಶಯವಾದ ಬೆಲೆ. ಚೆಂಡು ಕೈತಪ್ಪಿದವನನ್ನು ಹೆಣ್ಣಿಗನೆಂದು ಜರೆಯುವುದು ಅಲ್ಲಿ ದಿನದ ರೂಢಿ. ಹುಡುಗರೆಲ್ಲ ಒಂದೇ ಕೋಣೆಯಲ್ಲಿ ಬಟ್ಟೆ ಬದಲಿಸಿ, ಒಟ್ಟಿಗೆ ಸ್ನಾನ ಮಾಡಬೇಕು. ಹೀಗಿರುವಲ್ಲಿ, ತಾನು ಸಲಿಂಗಪ್ರೇಮಿಯೆಂದು ಒಬ್ಬನು ಹೇಳಿಬಿಟ್ಟರೆ ಜೊತೆಗಾರರು ಅವನನ್ನು ಮೊದಲಿನಂತೆ ಕಾಣುವರೆ? ಚೆಂಡನ್ನು ಅವನ ಕೈಗೆ ಕೊಡುವರೆ? ಕಾದಂಬರಿಕಾರರಿಗೆ ಬೇಕಾದುದು ಈ ಇಕ್ಕಟ್ಟೇ. ಸಲಿಂಗಪ್ರೇಮಿಯೆಂದರೆ ಅಳ್ಳೆದೆಯವನು, ಮೈಯಲ್ಲಿ ಕಸುವಿಲ್ಲದವನು ಎಂದು ಬಗೆದಿದ್ದ ಓದುಗನ ಎದುರು ಅವರು ತಂಡದ ನಾಯಕನನ್ನೇ ತಂದು ನಿಲ್ಲಿಸಿದರು.

ಸಾವಿನ ನೆರಳು

ಮೊದಮೊದಲಿನ ಕಥೆಗಳಲ್ಲಿ ಇಂಥ ಪ್ರೀತಿಗೆ ದಂಡ ತಪ್ಪುತ್ತಿರಲಿಲ್ಲ. 1969ರಲ್ಲಿ ಜಾನ್ ಡೊನೊವನ್ ಬರೆದ 'ಐ ವಿಲ್ ಗೆಟ್ ದೇರ್, ಇಟ್ ಬೆಟರ್ ಬಿ ವರ್ತ್ ದಿ ಟ್ರಿಪ್' ಎಂಬ ಕಾದಂಬರಿಯು, ಹದಿಹರೆಯದವರಿಗಾಗಿ ಬರೆದ ಪುಸ್ತಕಗಳ ಪೈಕಿ ಈ ವಿಷಯವನ್ನು ಮೊದಲು ಮುಟ್ಟಿದುದೆಂದು ಹೆಸರಾಗಿದೆ. ಅದರಲ್ಲಿ ಡೇವಿಯೆಂಬ ಹದಿಮೂರರ ಹುಡುಗ ಗೆಳೆಯನೊಬ್ಬನನ್ನು ಮುದ್ದಿಸುತ್ತಾನೆ. ಆಮೇಲೆ ಅವನ ನಚ್ಚಿನ ನಾಯಿ ಕಾರಿಗೆ ಸಿಕ್ಕಿ ಸಾಯುತ್ತದೆ. ತನ್ನ ತಪ್ಪಿಗೇ ಈ ಶಿಕ್ಷೆಯೆಂದು ಆ ಎಳೆಯ ಜೀವ ಕೊರಗುತ್ತದೆ.

ಐದು ವರ್ಷಗಳ ಬಳಿಕ, 1974ರಲ್ಲಿ, ಪ್ಯಾಟ್ರಿಷಿಯಾ ನೆಲ್ ವಾರನ್ ಬರೆದ 'ದಿ ಫ್ರಂಟ್ ರನ್ನರ್' ಹೊರಬಂದಿತು. ಇದು ದೊಡ್ಡವರಿಗಾಗಿ ಬರೆದ ಕಾದಂಬರಿಯಾದರೂ ಮುಂದಿನ ಕ್ರೀಡಾಕಥೆಗಳಿಗೆಲ್ಲ ಹಿರಿಯಕ್ಕನಿದ್ದಂತೆ. ಲೇಖಕಿ ತಾವೂ ದೂರದ ಓಟಗಳಲ್ಲಿ ಓಡಿದವರು. ಓಟಗಾರನ ಕಾಲುನೋವು, ಉಸಿರುಕಟ್ಟು, ಬೆಳಗಿನ ಅಭ್ಯಾಸ ಎಲ್ಲವನ್ನೂ ಬಲ್ಲವರು. ಅವರ ನಾಯಕ ಬಿಲ್ಲಿ ಸೈವ್ ತನ್ನ ತರಬೇತುಗಾರನನ್ನು ಪ್ರೀತಿಸುತ್ತಾನೆ, ಅದನ್ನು ಮುಚ್ಚಿಡಲೊಪ್ಪುವುದಿಲ್ಲ. ಆಗಿನ್ನೂ ನಡೆಯದಿದ್ದ 1976ರ ಮಾಂಟ್ರಿಯಲ್ ಒಲಿಂಪಿಕ್ಸನ್ನು ಲೇಖಕಿ ಊಹಿಸಿ ಬರೆದರು. ಅಲ್ಲಿ ಬಿಲ್ಲಿ 10,000 ಮೀಟರ್ ಓಟದಲ್ಲಿ ಗೆಲ್ಲುತ್ತಾನೆ. 5,000 ಮೀಟರ್ ಓಟದಲ್ಲಿ ಗುರಿ ಹತ್ತಿರವಾಗುತ್ತಿರುವಾಗಲೇ ಹಂತಕನ ಗುಂಡಿಗೆ ಬಲಿಯಾಗುತ್ತಾನೆ. ಪುಸ್ತಕ ಬಹಳ ಮಾರಾಟವಾಯಿತು. ಅದರ ಹೆಸರನ್ನೇ ಇಟ್ಟುಕೊಂಡ ಓಟಗಾರರ ಸಂಘಗಳು ಹಲವು ನಗರಗಳಲ್ಲಿ ಹುಟ್ಟಿಕೊಂಡವು. ಆದರೂ ಓದಿ ಮುಗಿಸಿದ ಹುಡುಗನಿಗೆ ಉಳಿಯುತ್ತಿದ್ದ ಪಾಠ ಕಹಿಯಾದುದೇ: ನಿಜ ಹೇಳಿದವನು ಗೆಲ್ಲಬಹುದು, ಆದರೆ ಬದುಕಲಾರ.

ಜೊತೆಗಾರರ ಪರೀಕ್ಷೆ

ಕೆನಡದ ಡಯಾನಾ ವೀಲರ್ ಈ ಪ್ರಶ್ನೆಯನ್ನು ಬೇರೊಂದು ಕಡೆಯಿಂದ ನೋಡಿದರು. 1989ರ ಗವರ್ನರ್ ಜನರಲ್ ಪ್ರಶಸ್ತಿ ಪಡೆದ ಅವರ 'ಬ್ಯಾಡ್ ಬಾಯ್' ಕಾದಂಬರಿಯಲ್ಲಿ ಹಿಮದ ಮೇಲೆ ಹಾಕಿ ಆಡುವ ಇಬ್ಬರು ಜೀವದ ಗೆಳೆಯರಿದ್ದಾರೆ. ಒಬ್ಬನು ಸಲಿಂಗಪ್ರೇಮಿಯೆಂದು ಇನ್ನೊಬ್ಬನಿಗೆ ತಿಳಿಯುತ್ತದೆ. ತಿಳಿದವನ ಒಳಗೇ ಬಿರುಗಾಳಿಯೇಳುತ್ತದೆ. ತನ್ನ ಮೇಲೂ ಸಂಶಯ ಬಂದೀತೆಂಬ ಭಯವೋ, ಗೆಳೆಯನನ್ನು ಕಳೆದುಕೊಂಡ ದುಃಖವೋ, ಅವನು ಮೈದಾನದಲ್ಲಿ ಕಂಡಕಂಡವರ ಮೇಲೆ ಹೊಡೆದಾಟಕ್ಕೆ ನಿಲ್ಲುತ್ತಾನೆ. ಗುಟ್ಟು ಒಬ್ಬನದಾದರೂ ಪರೀಕ್ಷೆ ಇನ್ನೊಬ್ಬನಿಗೆ.

ಹುಡುಗಿಯರ ಕಥೆಗಳೂ ಇಲ್ಲದಿಲ್ಲ. ನೀನಾ ರೆವೊಯರ್ 1997ರಲ್ಲಿ ಬರೆದ 'ದಿ ನೆಸೆಸರಿ ಹಂಗರ್' ಕಾದಂಬರಿಯ ನ್ಯಾನ್ಸಿ, ಲಾಸ್ ಏಂಜಲೀಸಿನ ಬಡ ಬಡಾವಣೆಯೊಂದರಲ್ಲಿ ಬ್ಯಾಸ್ಕೆಟ್‌ಬಾಲ್ ಆಡುವ ಜಪಾನಿ ಮೂಲದ ಹುಡುಗಿ. ಅವಳ ಮನ ಸೆಳೆದವಳು ರೈನಾ ಎಂಬ ಕಪ್ಪು ಜನಾಂಗದ ಆಟಗಾರ್ತಿ. ವಿಧಿಯ ಆಟ ನೋಡಿ: ನ್ಯಾನ್ಸಿಯ ತಂದೆಗೂ ರೈನಾಳ ತಾಯಿಗೂ ಒಲವು ಬೆಳೆದು ಇಬ್ಬರು ಹುಡುಗಿಯರೂ ಒಂದೇ ಸೂರಿನಡಿ ಬಾಳಬೇಕಾಗುತ್ತದೆ. ಮನಸ್ಸಿನ ಮಾತು ನಾಲಗೆಯ ತುದಿಗೆ ಬಂದು ನಿಲ್ಲುವ ಸಂಕಟವನ್ನು ಇಷ್ಟು ಮೃದುವಾಗಿ ಹೇಳಿದ ಪುಸ್ತಕಗಳು ವಿರಳ.

ಕಥೆಯನ್ನು ಮೀರಿದ ನಿಜ

ಇಷ್ಟರಲ್ಲಿ ನಿಜಜೀವನವೇ ಕಥೆಗಾರರಿಗಿಂತ ಒಂದು ಹೆಜ್ಜೆ ಮುಂದೆ ಹೋಯಿತು. 1999ರಲ್ಲಿ ಮ್ಯಾಸಚೂಸೆಟ್ಸ್ ರಾಜ್ಯದ ಮ್ಯಾಸ್ಕೊನೊಮೆಟ್ ಹೈಸ್ಕೂಲಿನ ಫುಟ್‌ಬಾಲ್ ನಾಯಕರಲ್ಲೊಬ್ಬನಾಗಿದ್ದ ಹದಿನೇಳರ ಕೋರಿ ಜಾನ್ಸನ್, ತಾನು ಸಲಿಂಗಪ್ರೇಮಿಯೆಂದು ತನ್ನ ತಂಡಕ್ಕೆ ತಿಳಿಸಿದ. ಜೊತೆಗಾರರು ಅವನ ಕೈಬಿಡಲಿಲ್ಲ. ಅವನು ನಾಯಕನಾಗಿಯೇ ಆಡಿದ. ಮರುವರ್ಷ 'ನ್ಯೂಯಾರ್ಕ್ ಟೈಮ್ಸ್' ಪತ್ರಿಕೆಯಲ್ಲಿ ಅವನ ವೃತ್ತಾಂತವನ್ನು ಬರೆದವರು ರಾಬರ್ಟ್ ಲಿಪ್ಸೈಟ್. ತರುಣರಿಗಾಗಿ 'ದಿ ಕಂಟೆಂಡರ್' ಎಂಬ ಮುಷ್ಟಿಯುದ್ಧದ ಕಾದಂಬರಿಯನ್ನು 1967ರಲ್ಲೇ ಬರೆದಿದ್ದ ಲೇಖಕರು. ಜಾನ್ಸನ್ ಮುಂದೆ 2018ರಿಂದ 2021ರವರೆಗೆ ನ್ಯೂಯಾರ್ಕ್ ನಗರಸಭೆಯ ಸ್ಪೀಕರ್ ಆಗಿದ್ದರು.

2001ರಲ್ಲಿ ಬಂದ ಅಲೆಕ್ಸ್ ಸ್ಯಾಂಚೆಜ್ ಅವರ 'ರೇನ್‌ಬೋ ಬಾಯ್ಸ್' ಕಾದಂಬರಿಯಲ್ಲಿ ಈ ಹೊಸ ಗಾಳಿಯ ಸುಳಿವಿದೆ. ಸ್ಯಾಂಚೆಜ್ ಎಳೆಯರಿಗೂ ಅವರ ಕುಟುಂಬಗಳಿಗೂ ಸಲಹೆಗಾರರಾಗಿ ದುಡಿದವರು. ಅವರ ಜೇಸನ್ ಬ್ಯಾಸ್ಕೆಟ್‌ಬಾಲ್ ಪಟು. ಅವನಿಗೊಬ್ಬ ಗೆಳತಿಯೂ ಇದ್ದಾಳೆ, ಮನೆಯಲ್ಲಿ ಕುಡಿದು ಬಡಿಯುವ ತಂದೆಯೂ ಇದ್ದಾನೆ. ಅಂಜುತ್ತಲೇ ಸಲಿಂಗಪ್ರೇಮಿ ತರುಣರ ಕೂಟವೊಂದಕ್ಕೆ ಕಾಲಿಟ್ಟರೆ, ಅಲ್ಲಿ ತನ್ನ ಶಾಲೆಯವರೇ ಇಬ್ಬರು ಕುಳಿತಿರುತ್ತಾರೆ! 2003ರ ಎರಡನೆಯ ಭಾಗದಲ್ಲಿ ಅವನು, ವಿದ್ಯಾರ್ಥಿವೇತನ ಕೈತಪ್ಪಬಹುದೆಂಬುದನ್ನು ಬಲ್ಲವನಾಗಿಯೂ ತಂಡದೆದುರು ಬಾಯಿ ಬಿಡುತ್ತಾನೆ. ಇಲ್ಲಿ ಯಾರೂ ಗುಂಡಿಗೆ ಬಲಿಯಾಗುವುದಿಲ್ಲ. ಬದುಕು ಮುಂದುವರಿಯುತ್ತದೆ.

ಗುಟ್ಟು ಯಾರ ಸೊತ್ತು?

ಆ ಬಳಿಕ ಪ್ರಶ್ನೆಯೇ ಬದಲಾಯಿತು. ನಿಜ ಹೇಳಬೇಕೆ ಬೇಡವೆ ಎಂಬುದು ಹಿಂದೆ ಸರಿದು, ಆ ನಿಜವನ್ನು ಹೇಳುವ ಹಕ್ಕು ಯಾರದೆಂಬುದು ಮುಂದೆ ಬಂದಿತು. ಇದನ್ನು ಚೆನ್ನಾಗಿ ಹಿಡಿದವರು ಬಿಲ್ ಕೋನಿಗ್ಸ್‌ಬರ್ಗ್. ಅವರು ಕ್ರೀಡಾ ಪತ್ರಕರ್ತರಾಗಿದ್ದಾಗ, 2001ರಲ್ಲಿ, ತಾವು ಸಲಿಂಗಪ್ರೇಮಿಯೆಂದು ಲೇಖನದ ಮೂಲಕ ತಿಳಿಸಿದವರು. 2008ರ ಅವರ 'ಔಟ್ ಆಫ್ ದಿ ಪಾಕೆಟ್' ಕಾದಂಬರಿಯ ಬಾಬಿ, ಕ್ಯಾಲಿಫೋರ್ನಿಯದ ಶಾಲೆಯೊಂದರ ಫುಟ್‌ಬಾಲ್ ತಂಡದ ಸೂತ್ರಧಾರ. ಶಾಲೆಯ ವಿದ್ಯಾರ್ಥಿ ವರದಿಗಾರನೊಬ್ಬನನ್ನು ನಂಬಿ ಮನಸ್ಸು ಬಿಚ್ಚುತ್ತಾನೆ. ನಂಬಿದವನು ಅದನ್ನು ಅಚ್ಚುಹಾಕಿಸಿಬಿಡುತ್ತಾನೆ. ಸುದ್ದಿಯಲ್ಲಿ ಸುಳ್ಳೇನೂ ಇಲ್ಲ. ಆದರೂ ಅದು ಕಳವು. ತಾಯಿಗೆ, ತಂದೆಗೆ, ಗೆಳೆಯರಿಗೆ ತಾನಾಗಿ, ತನ್ನ ಮಾತಿನಲ್ಲಿ ಹೇಳಬೇಕಾಗಿದ್ದ ಗಳಿಗೆಯನ್ನು ಅವನಿಂದ ಕಸಿದುಕೊಂಡಂತಾಯಿತು. ಈ ಪುಸ್ತಕಕ್ಕೆ ಲ್ಯಾಂಬ್ಡಾ ಸಾಹಿತ್ಯ ಪ್ರಶಸ್ತಿ ಬಂದಿತು.

ಅವರದೇ 2013ರ 'ಓಪನ್ಲಿ ಸ್ಟ್ರೇಟ್' ಇನ್ನೂ ಸೋಜಿಗದ ಕಥೆ. ಕೊಲರಾಡೊದ ರೇಫ್ ಎಂಬ ಹುಡುಗ ಎಂದೋ ನಿಜ ಹೇಳಿಯಾಗಿದೆ. ತಂದೆತಾಯಿಗಳು ಹೆಮ್ಮೆಯಿಂದ ಒಪ್ಪಿಯೂ ಆಗಿದೆ. ಆದರೆ ಎಲ್ಲಿ ಹೋದರೂ ತನ್ನ ಹೆಸರಿಗೆ ಮೊದಲು ಆ ಒಂದು ವಿಶೇಷಣ ಅಂಟುವುದು ಅವನಿಗೆ ಸಾಕಾಗಿಹೋಗಿದೆ. ದೂರದ ವಸತಿಶಾಲೆಗೆ ಸೇರಿ, ಏನನ್ನೂ ಹೇಳದೆ, ಆಟಗಾರ ಹುಡುಗರ ನಡುವೆ ಒಬ್ಬನಾಗುತ್ತಾನೆ. ಸುಖವೆನಿಸುತ್ತದೆ. ಆದರೆ ಅಲ್ಲಿಯ ಬೆನ್ ಎಂಬ ಗೆಳೆಯ ಅವನನ್ನು ನಂಬಿ ಹತ್ತಿರವಾದಾಗ ಆ ಮೌನವೇ ವಂಚನೆಯಾಗಿ ಪರಿಣಮಿಸುತ್ತದೆ. ಗುಟ್ಟು ನನ್ನದು, ನಿಜ. ಆದರೆ ನನ್ನನ್ನು ಪ್ರೀತಿಸುವವನಿಗೆ ಅದರಲ್ಲಿ ಪಾಲಿಲ್ಲವೆ?

ಇಂಗ್ಲೆಂಡಿನ ಆಲಿಸ್ ಓಸ್ಮನ್ 2016ರಲ್ಲಿ ಆರಂಭಿಸಿದ 'ಹಾರ್ಟ್‌ಸ್ಟಾಪರ್' ಚಿತ್ರಕಥೆಯೂ ಇದೇ ಎಳೆಯನ್ನು ಹಿಡಿದಿದೆ. ಗುಟ್ಟು ಬಯಲಾಗಿ ಶಾಲೆಯಲ್ಲಿ ಹಿಂಸೆ ಉಂಡ ಚಾರ್ಲಿ, ರಗ್ಬಿ ಆಟಗಾರ ನಿಕ್‌ನಿಗೆ ಅವಸರಪಡಿಸುವುದಿಲ್ಲ. ಹುಡುಗಿಯರನ್ನೂ ಹುಡುಗರನ್ನೂ ಮೆಚ್ಚಬಲ್ಲ ತನ್ನ ಮನಸ್ಸನ್ನು ನಿಕ್ ತಾನೇ ಅರಿತು, ತಾನೇ ತಾಯಿಗೆ ಹೇಳುವವರೆಗೆ ಚಾರ್ಲಿ ಕಾಯುತ್ತಾನೆ. 2022ರಲ್ಲಿ ಇದು ನೆಟ್‌ಫ್ಲಿಕ್ಸಿನಲ್ಲಿ ಧಾರಾವಾಹಿಯಾಗಿ ಬಂದು ಮನೆಮಾತಾಯಿತು.

ಆಕ್ಷೇಪಗಳು

ಇಂಥ ಪುಸ್ತಕಗಳನ್ನು ಎಳೆಯರ ಕೈಗೆ ಕೊಡಬಹುದೆ ಎಂಬ ಆಕ್ಷೇಪವೂ ಬಲವಾಗಿಯೇ ಇದೆ. ಅಮೆರಿಕದ ಹಲವು ಊರುಗಳಲ್ಲಿ, 2021ರಿಂದೀಚೆಗೆ ವಿಶೇಷವಾಗಿ, ಶಾಲಾ ಗ್ರಂಥಾಲಯಗಳಿಂದ ಇವನ್ನು ತೆಗೆಸುವ ಯತ್ನಗಳು ನಡೆದಿವೆ. ತಮ್ಮ ಮಕ್ಕಳು ಏನನ್ನು ಓದಬೇಕೆಂಬುದನ್ನು ತಾವು ನಿರ್ಧರಿಸಬೇಕೆಂಬುದು ತಂದೆತಾಯಿಗಳ ವಾದ. ಆದರೆ ತನ್ನಂಥವನು ಜಗತ್ತಿನಲ್ಲಿ ತಾನೊಬ್ಬನೇ ಎಂದು ಕೊರಗುವ ಹುಡುಗನಿಗೆ, ಕಪಾಟಿನಲ್ಲಿರುವ ಒಂದು ಪುಸ್ತಕವೇ ಮೊದಲ ಗೆಳೆಯನಾಗಬಹುದೆಂಬುದನ್ನೂ ಮರೆಯಲಾಗದು.

ಇನ್ನೊಂದು ಕೊರತೆಯನ್ನು ಮಾತ್ರ ಒಪ್ಪಲೇಬೇಕು. ಈ ಕಥೆಗಳ ನಾಯಕರು ಬಹುಮಟ್ಟಿಗೆ ಗೆಲ್ಲುವವರೇ. ಪಂದ್ಯ ಗೆಲ್ಲಿಸಿಕೊಟ್ಟವನನ್ನು ಊರು ಕ್ಷಮಿಸೀತು. ಮೈದಾನದ ಅಂಚಿನ ಬೆಂಚಿನ ಮೇಲೇ ಕುಳಿತು ವರ್ಷ ಕಳೆಯುವ ಹುಡುಗನ ಗತಿಯೇನು? ಆದರವು ಗೆಲುವಿಗೆ ಸಿಕ್ಕ ಬಹುಮಾನವಾದರೆ ಅದಕ್ಕೆ ಹೆಚ್ಚು ಬೆಲೆಯಿಲ್ಲ.

ಮೂವತ್ತೆರಡು ವರ್ಷಗಳ ಮೌನ

ಕಥೆಯ ಮಾತು ಹಾಗಿರಲಿ. ಬ್ರಿಟನ್ನಿನ ಕಾಲ್ಚೆಂಡಾಟದಲ್ಲಿ ಹೆಸರಾಗಿದ್ದ ಜಸ್ಟಿನ್ ಫಾಶನು 1990ರಲ್ಲಿ ತನ್ನ ಗುಟ್ಟನ್ನು ಹೊರಗಿಟ್ಟ. 1998ರಲ್ಲಿ ತನ್ನ ಕೈಯಾರೆ ಪ್ರಾಣ ಕಳೆದುಕೊಂಡ. ಅವನ ಬಳಿಕ ಅಲ್ಲಿ ವೃತ್ತಿಪರ ತಂಡದಲ್ಲಿ ಆಡುತ್ತಿರುವ ಇನ್ನೊಬ್ಬ ಪುರುಷ ಆಟಗಾರ ಬಾಯಿ ಬಿಡಲು 2022ರ ಮೇ ತಿಂಗಳು ಬರಬೇಕಾಯಿತು. ಅವನು ಬ್ಲ್ಯಾಕ್‌ಪೂಲ್ ತಂಡದ ಹದಿನೇಳು ವಯಸ್ಸಿನ ಜೇಕ್ ಡೇನಿಯಲ್ಸ್. ಲೋಕಕ್ಕೆ ಹೇಳುವ ಮುನ್ನ ಅವನು ತಾಯಿಗೂ ಸೋದರಿಗೂ ಹೇಳಿದ್ದ. ಅದರ ಮರುದಿನ ಆಡಿದ ಪಂದ್ಯದಲ್ಲಿ ನಾಲ್ಕು ಗೋಲು ಹೊಡೆದೆನೆಂದು ಅವನೇ ತಿಳಿಸಿದ್ದಾನೆ.

ನಾಲ್ಕು ಗೋಲುಗಳ ಸುದ್ದಿ ಕಾದಂಬರಿಗೆ ತಕ್ಕುದು. ಆದರೆ ಅದಕ್ಕಿಂತ ದೊಡ್ಡ ಸಂಗತಿ ನಡೆದುದು ಹಿಂದಿನ ದಿನ, ಮನೆಯವರ ನಡುವೆ: ಮಗನು ತಾನಾಗಿ ಹೇಳಿದ, ಮನೆಯವರು ಕೇಳಿಸಿಕೊಂಡರು. ಅರ್ಧ ಶತಮಾನದಿಂದ ಈ ಕಾದಂಬರಿಗಳು ಬೇಡುತ್ತ ಬಂದಿರುವುದೂ ಅಷ್ಟನ್ನೇ.